ನೆಲ, ಬೆಂಚು, ಕುರ್ಚಿ

10 ನವೆಂಬರ್ 2016, ಗುರುವಾರ

ಎಲೈ ನೋಟುಬುಕ್ಕೇ, ಕಿವಿಗೊಟ್ಟು ಕೇಳು! ಮೂವತ್ತು ವರ್ಷ ಮುಖಕ್ಕೆ ಬಣ್ಣ ಹಚ್ಚಿದವನು, ರಾಜರನ್ನೂ ರಾಕ್ಷಸರನ್ನೂ ಒಂದೇ ರಾತ್ರಿಯಲ್ಲಿ ಆಡಿ ಬೆಳಗು ಮಾಡಿದವನು, ಬೈಲಹೊಂಗಲದಿಂದ ರಾಮದುರ್ಗದ ತನಕ ಯಾವ ಊರಿನ ನಾಟಕವಿದ್ದರೂ ಪರದೆ ಕಟ್ಟಿ, ಕಿರೀಟ ಬಾಡಿಗೆಗೆ ಕೊಟ್ಟು, ಹುಡುಗರಿಗೆ ಮಾತು ಕಲಿಸಿದವನು, ಸಂಪಗಾಂವದ ಈ ಹನುಮಪ್ಪ ಮಾಸ್ತರ ಇಂದು ಒಂದು ಕಪ್ಪು ಚಹಾದ ಚಿಲ್ಲರೆ ಕೊಡಲಾಗದೆ ತಲೆ ತಗ್ಗಿಸಿ ನಿಂತನು!

ಮೊನ್ನೆ ಟಿವಿಯಲ್ಲಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದು ಹೇಳಿದ್ದೇ ತಡ, ನೂರರ ನೋಟು ಇದ್ದವರು ಅವನ್ನು ಮಡಚಿ ಒಳಗಿಟ್ಟುಕೊಂಡರು. ಹತ್ತರ ನಾಣ್ಯವನ್ನು ಊರಲ್ಲಿ ಮೊದಲೇ ಯಾರೂ ಮುಟ್ಟುತ್ತಿರಲಿಲ್ಲ; ಅದು ಖೋಟಾ ಎಂದು ಯಾರೋ ಹೇಳಿದ್ದನ್ನು ಎಲ್ಲರೂ ನಂಬಿದ್ದಾರೆ. ನನ್ನ ಹೆಂಡತಿ ಸಾವಂತ್ರೆವ್ವ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಚಹಾ, ಮಿರ್ಚಿ ಬಜಿ ಮಾರುತ್ತಾಳೆ. ಇವತ್ತು ಅವಳ ಡಬ್ಬಿಯಲ್ಲಿ ಒಂದು ರೂಪಾಯಿಯ ನಾಣ್ಯಗಳೂ ಉಳಿಯಲಿಲ್ಲ. ಬಜಿ ತಿಂದವರು ನಾಳೆ ಕೊಡುತ್ತೇವೆ ಎಂದರು. ಅರ್ಧ ಜನ ತಿನ್ನದೆ ಎದ್ದುಹೋದರು. ಕರಿದ ಮೆಣಸಿನಕಾಯಿ ನಾವೇ ತಿಂದೆವು.

ಸಂಜೆ ಜೋಳ ತಗೊಂಡು ಸಂಗಪ್ಪನವರ ಹಿಟ್ಟಿನ ಗಿರಣಿಗೆ ಹೋದೆ. ಬಾಗಿಲಲ್ಲಿ ನಿಂತು ದನಿ ಬಿಟ್ಟೆ. ಆಹಾ, ಆ ದನಿ! ಬೆಲ್ಟಿನ ಸದ್ದನ್ನೂ ಕಲ್ಲಿನ ಗುಡುಗನ್ನೂ ಸೀಳಿಕೊಂಡು ಒಳಗಿನ ಗೋಡೆಗೆ ಬಡಿದು ಮರಳಿ ಬರುತ್ತದೆ. ನಮ್ಮ ಕೇರಿಯವರು ಬುಟ್ಟಿಯನ್ನು ಬಾಗಿಲಲ್ಲಿಟ್ಟು ಹೊರಗೇ ನಿಲ್ಲುತ್ತೇವೆ. ಒಳಗೆ ಬರಬೇಡಿ ಎಂದು ಯಾರೂ ಹೇಳಿದ್ದಿಲ್ಲ, ಬನ್ನಿ ಎಂದೂ ಯಾರೂ ಹೇಳಿದ್ದಿಲ್ಲ. ನನಗಂತೂ ಒಳಗೆ ಹೋಗುವ ಅಗತ್ಯವೇ ಬಿದ್ದಿಲ್ಲ, ಅಂಥ ಗಂಟಲು. ನಮ್ಮಪ್ಪನ ದನಿಯೂ ಹೀಗೇ ಇತ್ತು, ಅವನು ಒಮ್ಮೆಯೂ ರಂಗ ಹತ್ತಿದವನಲ್ಲ.

"ಒದರಬ್ಯಾಡಲೇ ಹನಮ್ಯಾ," ಎಂದರು ಸಂಗಪ್ಪನವರು ಒಳಗಿನಿಂದ. "ಕಿವಿ ಅದಾವ ನನಗ."

12 ನವೆಂಬರ್, ಶನಿವಾರ

ಟ್ರಂಕು ತೆರೆದವಳು ಸಾವಂತ್ರೆವ್ವ. ಬುದ್ಧನ ಫೋಟೋದ ಕೆಳಗಿರುವ ಆ ಟ್ರಂಕಿನಲ್ಲಿ ನನ್ನ ಅರಮನೆಯೇ ಅಡಗಿದೆ: ಕಿರೀಟಗಳು, ಗಡ್ಡಗಳು, ತಗಡಿನ ಕತ್ತಿಗಳು. ಅವುಗಳ ತಳದಲ್ಲಿ ಟಿಕೀಟಿನ ಪುಸ್ತಕಗಳ ಒಂದು ಕಟ್ಟು.

ಮೂರು ವರ್ಷದ ಹಿಂದೆ ನಾನೇ ಬರೆದ ನಾಟಕವನ್ನು ನಮ್ಮೂರಲ್ಲೇ ಆಡಿಸಬೇಕೆಂದು ಅವನ್ನು ಅಚ್ಚು ಹಾಕಿಸಿದ್ದೆ. 'ವಚನಪಾಲ ಮಹಾರಾಜ ಅರ್ಥಾತ್ ಕೊಟ್ಟ ಮಾತಿನ ಕೋಟೆ.' ಕೊನೆಯಲ್ಲಿ ಮಾತಿಗಾಗಿ ಸಿಂಹಾಸನ ಬಿಡುವ ರಾಜ, ನಾನೇ. ಹಿಂದೆ ನೆಲ, ಹತ್ತು ರೂಪಾಯಿ. ನಡುವೆ ಬೆಂಚು, ಇಪ್ಪತ್ತು. ಮುಂದೆ ಕುರ್ಚಿ, ಐವತ್ತು. ಮುಂದಿನ ಕುರ್ಚಿಗಳಲ್ಲಿ ಯಾರು ಕೂಡಬೇಕು ಎಂಬ ಮಾತು ಬಂತು. ನಮ್ಮ ಕೇರಿಯವರು ದುಡ್ಡು ಕೊಟ್ಟರೂ ಮುಂದೆ ಕೂಡಬಹುದೋ ಎಂಬ ಮಾತು ಅದರ ಹಿಂದಿನಿಂದ ಬಂತು. ಆ ಮಾತು ಮುಗಿಯುವುದರೊಳಗೆ ಮಳೆಗಾಲ ಬಂತು. ನಾಟಕ ಆಗಲಿಲ್ಲ.

ಸಾವಂತ್ರೆವ್ವ ಒಂದು ಟಿಕೀಟು ಹರಿದು ಬೆಳಕಿಗೆ ಹಿಡಿದು ನೋಡಿದಳು.

"ಇದರ ಮ್ಯಾಲ ರೊಕ್ಕ ಬರದೈತಲ್ರಿ. ನೀವು ಸೈ ಹಾಕಿಕೊಡ್ರಿ. ಹಳೇ ನೋಟು ಕೊಟ್ಟವರಿಗೆ ಚಿಲ್ಲರಿ ಬದಲಿ ಇದನ್ನ ಕೊಡತೇನಿ. ನಾಳಿ ಮತ್ತ ಚಾ ಕುಡ್ಯಾಕ ಬಂದಾಗ ಹೊಳ್ಳಿ ತಗೋತೇನಿ."

ರಾಜಮುದ್ರೆ ಒತ್ತುವ ಗತ್ತಿನಲ್ಲಿ ಕೂತು ಒಂದೊಂದರ ಮೇಲೂ ಪೂರ್ತಿ ಸಹಿ ಹಾಕಿದೆ: 'ರಂಗಗರ್ಜನೆ ಹನುಮಪ್ಪ ಮಾಸ್ತರ, ಸಂಪಗಾಂವ.' ಸಹಿಗೇ ಟಿಕೀಟಿನ ಅರ್ಧ ಜಾಗ ಹೋಯಿತು. ನೆಲದ ಟಿಕೀಟನ್ನು ನಡುವೆ ಹರಿದರೆ ಐದು ರೂಪಾಯಿ, ಅಂದರೆ ಒಂದು ಚಹಾ. ಇದನ್ನೂ ಕಂಡುಹಿಡಿದವಳು ಅವಳೇ.

16 ನವೆಂಬರ್, ಬುಧವಾರ

ಜಯಭೇರಿ ಬಾರಿಸಲಿ! ನನ್ನ ಕಾಗದ ಊರೊಳಗೆ ನಡೆಯುತ್ತಿದೆ!

ನಮ್ಮ ಅಂಗಡಿಯಲ್ಲಿ ಟಿಕೀಟು ತಗೊಂಡವರು ಅದನ್ನು ಕಾಯಿಪಲ್ಯೆ ಮಾರುವ ಗಂಗಾಳಿಗೆ ಕೊಟ್ಟಿದ್ದಾರೆ. ಗಂಗಾ ಅದನ್ನು ಕಟಿಂಗ್ ಅಂಗಡಿಗೆ ಕೊಟ್ಟಿದ್ದಾಳೆ. ಕಟಿಂಗ್ ಅಂಗಡಿಯಿಂದ ಅದು ಸೈಕಲ್ ಪಂಕ್ಚರ್ ತಿದ್ದುವವನಿಗೆ ಹೋಗಿ, ಅವನು ಸಂಜೆ ಬಂದು ಅದನ್ನು ಕೊಟ್ಟು ಬಜಿ ತಿಂದ. ಮೂರು ದಿನದಲ್ಲಿ ಬಜಾರಿನ ಮಾತೇ ಬದಲಾಗಿದೆ. ಗಂಗಾ ಒಬ್ಬರಿಗೆ "ಒಂದು ಬೆಂಚಿನಷ್ಟು ಬದನಿಕಾಯಿ ಆತು, ಮ್ಯಾಲ ಅರ್ಧ ನೆಲ ಕೊಡ್ರಿ" ಎಂದು ಹೇಳುವುದನ್ನು ಕಿವಿಯಾರೆ ಕೇಳಿದೆ.

ನಮ್ಮ ಕೇರಿಯ ಬಾಯವ್ವ ಕಸಬರಿಗೆ ಕಟ್ಟಿ ಮಾರುತ್ತಾಳೆ. ಸಂಬಂಧದಲ್ಲಿ ನನಗೆ ಅತ್ತೆ. ಜೋಡಿ ಕಸಬರಿಗೆಗೆ ಐವತ್ತು ಎಂದು ಅವಳ ದರ. ಅವಳಿಗೆ ಕುರ್ಚಿಯ ಟಿಕೀಟೇ ಬರುತ್ತಿವೆ. ಗೌಡರ ಓಣಿಯ ಸೊಸೆಯಂದಿರು ನನ್ನ ಹೆಸರಿರುವ ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಾರೆಂದು ಅವಳು ನಗುತ್ತ ಹೇಳಿದಳು.

ಶಾಲೆಯ ಮಾಸ್ತರೊಬ್ಬರು, ಸರಕಾರ ಬಿಟ್ಟು ಬೇರೆಯವರು ರೊಕ್ಕ ಅಚ್ಚು ಹಾಕುವುದು ಗುನ್ಹೆ ಎಂದರು. ಇದು ರೊಕ್ಕವಲ್ಲ, ನಾಟಕದ ಟಿಕೀಟು, ಮುಂಗಡ ಮಾರಾಟ ಎಂದೆ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ದನಿ ಹಾಗಿತ್ತು.

ಸಂಗಪ್ಪನವರ ಗಿರಣಿಯಲ್ಲಿ ಮಾತ್ರ ಇನ್ನೂ ನಡೆದಿಲ್ಲ.

19 ನವೆಂಬರ್, ಶನಿವಾರ

ಸಿಡಿಲು ಬಡಿಯಿತು.

ಗಂಗಾ ಜೋಳ ಬೀಸಿಸಿಕೊಂಡು ಗಿರಣಿಯಲ್ಲಿ ನೆಲದ ಟಿಕೀಟು ಕೊಟ್ಟಳಂತೆ. ಸಂಗಪ್ಪನವರು ಚಷ್ಮಾ ಹಾಕಿಕೊಂಡು ಅದನ್ನು ತಿರುವಿ, ಹಿಂದಿನ ಸಣ್ಣ ಅಕ್ಷರವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದಿದರಂತೆ: 'ಒಮ್ಮೆ ಕೊಂಡ ಟಿಕೀಟಿನ ಹಣ ಯಾವುದೇ ಕಾರಣಕ್ಕೂ ಮರಳಿ ಸಿಗುವುದಿಲ್ಲ.' ಎಲ್ಲ ನಾಟಕದ ಟಿಕೀಟಿನ ಮೇಲೂ ಈ ಸಾಲು ಇರುತ್ತದೆ. ಅಚ್ಚಿನವನು ಕೇಳದೆಯೇ ಹಾಕಿಬಿಡುತ್ತಾನೆ. ಸಹಿ ಹಾಕುವಾಗ ನಾನು ಒಮ್ಮೆಯೂ ಹಿಂದೆ ತಿರುವಿ ನೋಡಿರಲಿಲ್ಲ.

"ನಾಟಕಾ ಆಗಲಿಲ್ಲ, ರೊಕ್ಕಾ ಹೊಳ್ಳಿ ಬರೂದಿಲ್ಲ," ಎಂದರಂತೆ ಅವರು. "ಹಂಗಾರ ಇದು ಏನಪಾ? ಒಲಿ ಹಚ್ಚಾಕ ಬರತೈತಿ."

ಮಧ್ಯಾಹ್ನಕ್ಕೆ ಟಿಕೀಟು ಇದ್ದವರೆಲ್ಲ ನಮ್ಮ ಅಂಗಡಿಗೆ ಬಂದರು. ನಾನು ನೀರಿನ ಟಾಕಿಯ ಕಟ್ಟೆ ಹತ್ತಿದೆ. ಕೊನೆಯ ಅಂಕದ ಮಹಾರಾಜನ ಮಾತುಗಳನ್ನೇ ಹೇಳಿದೆ. ನನ್ನ ಕೈ ಬಿದ್ದ ಕಾಗದ ಕಾಗದವಲ್ಲ, ಅದು ಹನುಮಪ್ಪನ ಮಾತು, ಈ ನಾಟಕ ಆಗಿಯೇ ತೀರುತ್ತದೆ, ಆಕಾಶ ಬಿದ್ದರೂ ಆಗುತ್ತದೆ ಎಂದು ಗರ್ಜಿಸಿದೆ. ಬಸ್ಸಿನೊಳಗೆ ಕೂತವರೂ ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆದವರೆಲ್ಲ ಸಾಲಾಗಿ ಬಂದು, ಟಿಕೀಟು ಕೊಟ್ಟು, ಚಹಾ ಕುಡಿದರು. ಕುಡಿಯುವ ಮನಸ್ಸಿಲ್ಲದವರೂ ಟಿಕೀಟು ಮುಗಿಯಲೆಂದು ಕುಡಿದರು. ಒಬ್ಬ ಐದು ಕಪ್ಪು ಕುಡಿದು ಹೊಟ್ಟೆ ಹಿಡಿದುಕೊಂಡು ಹೋದ. ಮೂರು ಗಂಟೆಗೆ ಹಾಲು ಮುಗಿಯಿತು. ಸಾವಂತ್ರೆವ್ವ ಕರಿ ಚಹಾ ಮಾಡಿದಳು. ಆಮೇಲೆ ಸಕ್ಕರೆಯೂ ಮುಗಿಯಿತು.

ಇನ್ನೂ ಜನ ಇದ್ದರು. ನಾಳೆ ಬರುತ್ತೇವೆ ಎಂದು ಹೋದರು.

20 ನವೆಂಬರ್, ಭಾನುವಾರ

ಗಿರಣಿಗೆ ಹೋದೆ. ಬಾಗಿಲಲ್ಲಿ ನಿಂತು ನ್ಯಾಯ ಕೇಳಿದೆ. ಕೇಳುವ ರೀತಿ ಯೋಚಿಸಿಯೇ ಹೋಗಿದ್ದೆ, 'ಧರ್ಮಪ್ರಭು' ಎಂದು ಶುರು ಮಾಡುವುದೆಂದು. ಸಂಗಪ್ಪನವರು ಸ್ವಿಚ್ಚು ಆರಿಸಿದರು. ಬೆಲ್ಟು ನಿಂತಿತು. ಅಷ್ಟು ಸದ್ದಿನ ಜಾಗ ಒಮ್ಮೆಲೇ ಸುಮ್ಮನಾಯಿತು. ನನ್ನ ದನಿ ಮಾತ್ರ ಉಳಿದು ಓಣಿಯ ತನಕ ಹೋಯಿತು.

"ರೊಕ್ಕದ ಮಾತ ಊರ ಕೇಳೂವಂಗ ಆಡತಾರೇನಲೇ? ಒಳಗ ಬಾ."

ಬುಟ್ಟಿ ಹಿಡಿದು ಹೊರಗೆ ನಿಂತಿದ್ದ ಹೆಂಗಸರು ನನ್ನ ಕಡೆ ನೋಡಿದರು. ಹೊಸ್ತಿಲ ಹತ್ತಿರ ಹಿಟ್ಟು ಬಿದ್ದು ಜಾರುವಂತಿತ್ತು, ನೋಡಿಕೊಂಡು ಕಾಲಿಟ್ಟೆ. ಒಳಗೆ ಬೆಚ್ಚಗಿತ್ತು.

ಎಷ್ಟು ಟಿಕೀಟು ಹೊರಗಿವೆ, ಅವುಗಳ ಬದಲಿಗೆ ಮನೆಯಲ್ಲಿ ಏನಿದೆ ಎಂದು ಹೇಳಿದೆ. ಹತ್ತಿರ ಇದ್ದರು, ಮೆಲ್ಲಗೇ ಹೇಳಿದೆ. ಜನ ಕೊಟ್ಟ ಹಳೆಯ ನೋಟು ಬ್ಯಾಂಕಿಗೆ ಕಟ್ಟಿದ್ದೇನೆ, ಅದು ಕೈಗೆ ಬರುವ ತನಕ ನನ್ನ ದರಬಾರದ ಪರದೆ ಒತ್ತೆ ಇಡುತ್ತೇನೆ, ಗಿರಣಿಯಲ್ಲಿ ಟಿಕೀಟು ನಡೆಸಿಕೊಡಿ ಎಂದೆ. ಹನ್ನೆರಡು ಕಂಬಗಳ ದರಬಾರ, ನವಿಲು ಸಿಂಹಾಸನ, ಅದೊಂದಿದ್ದರೆ ನಾಲ್ಕು ತಾಲೂಕಿನಲ್ಲಿ ನನಗೆ ಬಾಡಿಗೆ ಸಿಗುತ್ತದೆ.

"ನಿನ್ನ ಪರದಿ ತಗೊಂಡು ನಾ ಏನ ದರಬಾರ ನಡಸ್ಲೇನ?" ಎಂದರು.

ಆಮೇಲೆ ಅವರೂ ತಮ್ಮ ತಾಪತ್ರಯ ಹೇಳಿದರು. ಬೀಸಿಸಿಕೊಂಡವರೆಲ್ಲ ನಾಳೆ ಕೊಡುತ್ತೇನೆ ಎನ್ನುತ್ತಾರೆ. ಯಾರು ಎಷ್ಟು ಬಾಕಿ ಎಂಬುದು ನೆನಪಿರುವುದಿಲ್ಲ, ಮರುದಿನ ಕೇಳಿದರೆ ಜಗಳ. ನನ್ನ ಟಿಕೀಟು ತಗೊಂಡರೆ ಕೈಯಲ್ಲಿ ಏನಾದರೂ ಒಂದು ಇರುತ್ತದೆ. ಹಿಂದಿನ ಸಾಲು ಹೊಡೆದುಹಾಕು ಎಂದರು. ತಿದ್ದಿದ ಕಾಗದವನ್ನು ಯಾರೂ ನಂಬುವುದಿಲ್ಲ ಎಂದೆ. ಅದೂ ಖರೆ ಎಂದರು.

"ನೆಲ ಅಷ್ಟ ತಗೋತೇನಿ. ಬೀಸೂ ಕೂಲಿ ಹತ್ತು, ನೆಲಾನೂ ಹತ್ತು. ಬೆಂಚು ಕುರ್ಚಿ ತಂದ್ರ ತಿರುಗಿ ಕೊಡಾಕ ಚಿಲ್ಲರಿ ನಾ ಎಲ್ಲಿಂದ ತರ್ಲಿ?"

ಮೋಟರು ಶುರು ಮಾಡುವ ಮುಂಚೆ ಬಾಗಿಲಿಗೆ ಬಂದು, ಹನಮ್ಯಾನ ಟಿಕೀಟು ಗಿರಣಿಯಲ್ಲಿ ನಡೆಯುತ್ತದೆ ಎಂದು ಸಾಲಿನವರಿಗೆ ಒಂದೇ ಮಾತು ಹೇಳಿದರು. ಸಂಜೆ ನಮ್ಮ ಅಂಗಡಿಗೆ ಯಾರೂ ಓಡಿ ಬರಲಿಲ್ಲ.

29 ನವೆಂಬರ್, ಮಂಗಳವಾರ

ಬೈಲಹೊಂಗಲದ ಬ್ಯಾಂಕಿನ ಸಾಲಿನಲ್ಲಿ ಇಡೀ ದಿನ ನಿಂತೆ. ಒಂದು ಗುಲಾಬಿ ನೋಟು ಕೈಗೆ ಬಂತು, ಎರಡು ಸಾವಿರದ್ದು. ಆಹಾ ಎಂದು ನೋಡಿದೆ, ಆಮೇಲೆ ಅದನ್ನು ಮುರಿಸುವವರು ಯಾರೂ ಇಲ್ಲ ಎಂದು ತಿಳಿಯಿತು. ಬಸ್ಸಿಗೂ ಅದು ಬೇಡವಾಯಿತು. ಕಂಡಕ್ಟರ್ ಸಂಪಗಾಂವದವನೇ, ಅರ್ಧ ನಕ್ಕು ಎರಡು ನೆಲ ತಗೊಂಡ.

ನೋಟನ್ನು ಬುದ್ಧನ ಫೋಟೋದ ಹಿಂದೆ ಇಟ್ಟೆವು. ಊರಲ್ಲಿ ಓಡಾಡುವ ಟಿಕೀಟುಗಳ ಬೆನ್ನಿಗೆ ಸದ್ಯಕ್ಕೆ ಅದೊಂದೇ.

ಗಿರಣಿಗೆ ಹೋಗಿ ಸಂಗಪ್ಪನವರಿಗೆ ಸುದ್ದಿ ಹೇಳಿ ಬಂದೆ. ಊಟಕ್ಕೆ ಕೂತಾಗ ಸಾವಂತ್ರೆವ್ವ ನನ್ನ ಮುಖ ನೋಡಿದಳು.

"ಗಂಟಲಾ ಕೆಟ್ಟೈತೇನ್ರಿ? ಒಲಿ ಮುಂದ ಕುಂತ ನನಗ ನಿಮ್ಮ ಮಾತ ಕೇಳಿಸವಲ್ದು."

ಗಿರಣಿಯ ಹಿಟ್ಟಿನ ಧೂಳು ಇರಬೇಕು. ಅರಿಶಿನ ಹಾಕಿದ ಹಾಲು ಕೊಟ್ಟಳು.

9 ಡಿಸೆಂಬರ್, ಶುಕ್ರವಾರ

ಟಿಕೀಟು ಹರಿಯುತ್ತಿವೆ, ಎಣ್ಣೆ ಹಿಡಿಯುತ್ತಿವೆ. ಹೊಸವಕ್ಕೆ ಸಹಿ ಹಾಕುವುದು ಹೆಚ್ಚಾಗಿದೆ. 'ಹನುಮಪ್ಪ' ಎಂದಷ್ಟೇ ಹಾಕುತ್ತೇನೆ, ಬೇಗ ಆಗುತ್ತದೆ.

ಸಂಗಪ್ಪನವರು ನೆಲದ ಟಿಕೀಟುಗಳನ್ನು ದಾರಕ್ಕೆ ಪೋಣಿಸಿ ಮೋಟರಿನ ಮೇಲೆ ತೂಗುಹಾಕಿದ್ದಾರೆ, ಮಾಲೆಯ ಹಾಗೆ. ಅದರಲ್ಲೇ ಆಳಿನ ಪಗಾರ ಕೊಡುತ್ತಾರೆ, ಕಾಯಿಪಲ್ಯೆ ತರಿಸುತ್ತಾರೆ. ಎಷ್ಟು ಹೋದರೂ ಸಂಜೆಗೆ ಮತ್ತೆ ಮಾಲೆ ತುಂಬಿರುತ್ತದೆ.

ಬಾಯವ್ವತ್ತಿಯ ಕುರ್ಚಿಗಳು ಬಜಾರಿಗೆ ಮರಳಿ ಬಂದಿಲ್ಲ ಎಂದು ಸಾವಂತ್ರೆವ್ವ ಲೆಕ್ಕ ಹಿಡಿದಳು. ಕೇಳಲು ಹೋದೆ. ಅಂಗಳದಲ್ಲಿ ಕೂತು ಕಸಬರಿಗೆಯ ಹಿಡಿ ಬಿಗಿಯುತ್ತಿದ್ದಳು. ಕಡ್ಡಿಪೆಟ್ಟಿಗೆಯಿಂದ ಮಡಿಚಿದ ಕುರ್ಚಿಯ ಟಿಕೀಟು ತೆಗೆದು ತೋರಿಸಿದಳು. ನಮ್ಮ ಕೇರಿಯ ಇನ್ನೂ ಕೆಲವು ಹೆಂಗಸರೂ ಹೀಗೇ ಇಟ್ಟುಕೊಂಡಿದ್ದಾರಂತೆ.

"ಖರ್ಚ ಮಾಡೂದಿಲ್ಲ ತಮ್ಮಾ. ಟಾಕಿ ಕಟ್ಟಿ ಮ್ಯಾಲ ನಿಂತು ನಾಟಕಾ ಆಗೂದ ಖರೆ ಅಂದೀಯಲ್ಲ. ನಾ ನೋಡಾಕ ಬರತೇನಿ."

ಆಗ ಜನರನ್ನು ತಡೆಯಲು ಹೇಳಿದ ಮಾತು ಅದು. ಹಾಗೆಂದು ಅವಳಿಗೆ ಹೇಳಲಿಲ್ಲ.

21 ಡಿಸೆಂಬರ್, ಬುಧವಾರ

ಗಿರಣಿಯಲ್ಲಿ ಚೀಲದ ಮೇಲೆ ಕೂತು ಸಹಿ ಹಾಕಿದೆ. ಸಂಗಪ್ಪನವರ ಮನೆಯಿಂದ ಚಹಾ ಬಂತು. ಎರಡು ಕಪ್ಪು, ಎರಡೂ ನೀಲಿ ಹೂವಿನವು. ಚಹಾ ನಮ್ಮದರಷ್ಟು ಗಟ್ಟಿ ಇರಲಿಲ್ಲ.

3 ಜನವರಿ 2017, ಮಂಗಳವಾರ

ನೂರರ ನೋಟು ಮತ್ತೆ ಕಾಣುತ್ತಿವೆ, ಹೊಸ ಐನೂರೂ ಬಂದಿವೆ. ಗುಲಾಬಿ ನೋಟು ಕೊನೆಗೂ ಮುರಿಯಿತು. ಟಿಕೀಟು ತಂದವರಿಗೆ ರೊಕ್ಕ ಕೊಡುತ್ತೇನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಬರೆದು ಹಾಕಿದೆ. ಕೂಗುವುದಕ್ಕಿಂತ ಇದು ಅನುಕೂಲ.

ಬಂದವರು ಕಡಿಮೆ. ಹೊರಊರಿನವರು ಬಂದು ತಗೊಂಡು ಹೋದರು. ನಮ್ಮೂರಿನವರು ಬೋರ್ಡು ಓದಿ ಸುಮ್ಮನೆ ಮುಂದೆ ಹೋಗುತ್ತಾರೆ. ಗಂಗಾ ಚಹಾ ಕುಡಿದು ರೊಕ್ಕವನ್ನೇ ಕೊಟ್ಟಳು, ಟಿಕೀಟು ಸೆರಗಿನಲ್ಲೇ ಇತ್ತು.

ಗಿರಣಿಗೆ ಹೋಗಿ ಸಂಗಪ್ಪನವರ ಮಾಲೆಯ ಬದಲಿಗೆ ರೊಕ್ಕ ಇಟ್ಟೆ. ಅವರು ಆಳಿನ ಪಗಾರಕ್ಕೆ ಬೇಕಾದಷ್ಟು ರೊಕ್ಕ ತಗೊಂಡು ಅಷ್ಟು ಟಿಕೀಟು ಬಿಚ್ಚಿಕೊಟ್ಟರು. ಉಳಿದದ್ದನ್ನು ಮುಟ್ಟಲಿಲ್ಲ.

"ಟಿಕೀಟಿನ ಹಿಂದ ಏನ ಬರದೈತ್ರಿ ಮಾಸ್ತರ? ರೊಕ್ಕಾ ಹೊಳ್ಳಿ ಸಿಗೂದಿಲ್ಲ ಅಂತ ಐತಿ. ಹಂಗಾರ ನೀವು ನಾಟಕಾನ ಮಾಡಬೇಕಾತಲ್ಲ. ನಮ್ಮ ಅಂಗಳದಾಗ ಮಾಡ್ರಿ, ಜಾಗಾ ಐತಿ."

ಅವರು ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕೆ. ಅವರು ನಗಲಿಲ್ಲ.

8 ಜನವರಿ, ಭಾನುವಾರ

ನಾಟಕ ಇದೇ ಇಪ್ಪತ್ತೆರಡಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ಗಿರಣಿಯ ಅಂಗಳದಲ್ಲಿ. ಪೇಟಿ ಬಾರಿಸಲು ಸವದತ್ತಿಯಿಂದ ಮುತ್ತಪ್ಪ ಬಂದಿದ್ದಾನೆ. ರಾಣಿಯ ಪಾತ್ರಕ್ಕೆ ರಾಮದುರ್ಗದ ರೇಣು. ತಾಲೀಮು ಗಿರಣಿಯೊಳಗೇ, ಬೀಸುವ ಕೆಲಸ ಮುಗಿದ ಮೇಲೆ.

ಮುತ್ತಪ್ಪ ಇವತ್ತು ಪೇಟಿ ನಿಲ್ಲಿಸಿ, ಎಲ್ಲಿ ಹೋಯಿತು ನಿನ್ನ ದನಿ ಎಂದು ಕೇಳಿದ. ಮೈಕು ಇರುತ್ತದಲ್ಲ ಎಂದೆ. ಮೊದಲು ಮೈಕನ್ನು ಒದ್ದು ಆಚೆ ಸರಿಸುತ್ತಿದ್ದವನು ನೀನು ಎಂದ. ಇರಬಹುದು.

ತಾಲೀಮಿನ ನಡುವೆ ಸಂಗಪ್ಪನವರ ತಮ್ಮನ ಮಗ ಬಸವಲಿಂಗ ಬಂದ. ಮುಂದಿನ ಕುರ್ಚಿಗಳು ಹಿರಿಯರಿಗೆ ಇರಲಿ, ಉಳಿದವರು ಟಿಕೀಟಿನ ಪ್ರಕಾರ ಕೂಡಲಿ, ಜಗಳ ಬೇಡ ಎಂದ. ಮೂರು ವರ್ಷದ ಹಿಂದೆ ಕೇಳಿದ್ದ ಮಾತೇ. ಆಗ ನಾನು ಅರ್ಧ ತಾಸು ಗರ್ಜಿಸಿದ್ದೆ, ನಾಟಕ ನಿಂತಿತ್ತು. ಈ ಸಲ ಟಿಕೀಟು ಇದ್ದ ಹಾಗೆ ಎಂದಷ್ಟೇ ಹೇಳಿದೆ.

"ದೊಡ್ಡಪ್ಪನ ಕಡೆ ಒಂದೂ ಕುರ್ಚಿ ಇಲ್ಲ, ಬರೇ ನೆಲ ಅದಾವು. ಗೊತ್ತೈತೇನ್ರಿ ನಿಮಗ?"

ಯೋಚಿಸಿರಲಿಲ್ಲ. ಗಿರಣಿಯ ಕೂಲಿ ಹತ್ತು, ಕಸಬರಿಗೆಯ ಜೋಡಿಗೆ ಐವತ್ತು. ಎರಡು ತಿಂಗಳು ಓಡಾಡಿ ಓಡಾಡಿ ಕುರ್ಚಿಗಳೆಲ್ಲ ನಮ್ಮ ಕೇರಿಯಲ್ಲಿ ನಿಂತಿವೆ, ನೆಲವೆಲ್ಲ ಮೋಟರಿನ ಮೇಲೆ ತೂಗುತ್ತಿದೆ. ಯಾರೂ ಬೇಕೆಂದು ಮಾಡಿದ್ದಲ್ಲ.

16 ಜನವರಿ, ಸೋಮವಾರ

ಬಸವಲಿಂಗ ಬಾಯವ್ವತ್ತಿಯ ಹತ್ತಿರ ಹೋಗಿ ಒಂದು ಕುರ್ಚಿಗೆ ಇನ್ನೂರು ಕೊಡುತ್ತೇನೆ ಎಂದನಂತೆ. ಕಸಬರಿಗೆ ಬೇಕಾದರೆ ಒಯ್ಯಿ ಎಂದಳಂತೆ.

ಸಂಗಪ್ಪನವರು ಏನೂ ಕೇಳಿಲ್ಲ. ನಾನೂ ಹೇಳಿಲ್ಲ. ದಿನಾ ಒಳಗೆ ಕೂತು ಚಹಾ ಕುಡಿಯುತ್ತೇವೆ, ಅದೊಂದು ಮಾತು ಮಾತ್ರ ಎತ್ತುವುದಿಲ್ಲ. ಅವರು ಬರದಿದ್ದರೆ ಅವರ ಓಣಿ ಬರುವುದಿಲ್ಲ, ನಾಟಕ ಖಾಲಿ ಅಂಗಳಕ್ಕೆ ಆಡಬೇಕು. ಅವರಿಗೆ ಮುಂದೆ ಒಂದು ಕುರ್ಚಿ ಹಾಕಿದರೆ ಎಲ್ಲ ಸಲೀಸು. ಒಂದೇ ಕುರ್ಚಿ, ಅವರದೇ ಅಂಗಳ, ಮತ್ತೆ ನನ್ನನ್ನು ಉಳಿಸಿದವರು ಅವರು. ಇಡೀ ದಿನ ಇದನ್ನೇ ತಿರುವಿ ಹಾಕಿದೆ. ಕೊನೆಗೆ ಸಾವಂತ್ರೆವ್ವಳಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು.

"ನೀವು ಬರದ ಕೊಟ್ಟದ್ದನ್ನ ಮಂದಿ ಎರಡು ತಿಂಗಳಾತು ನಂಬ್ಯಾರ. ಹಾಳ್ಯಾಗ ಒಂದು, ಅಂಗಳದಾಗ ಒಂದು ಮಾಡಬ್ಯಾಡ್ರಿ. ಆಮ್ಯಾಲ ನಮ್ಮ ಅರ್ಧ ನೆಲಾನೂ ಯಾರೂ ಮುಟ್ಟೂದಿಲ್ಲ."

22 ಜನವರಿ, ಭಾನುವಾರ

ನಾಟಕ ಆಯಿತು.

ಮೂರಕ್ಕೇ ಅಂಗಳಕ್ಕೆ ಹೋಗಿ ದರಬಾರದ ಪರದೆ ಕಟ್ಟಿದೆ. ಮುಂದೆ ಕುರ್ಚಿ, ನಡುವೆ ಬೆಂಚು, ಹಿಂದೆ ಜಮಖಾನೆ. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ, ಟಿಕೀಟು ಎಷ್ಟಿದ್ದವೋ ಅಷ್ಟೇ. ಮಹಾರಾಜನ ಬಣ್ಣ ಹಚ್ಚಿಕೊಂಡೇ ಗೇಟಿನಲ್ಲಿ ನಿಂತು ಟಿಕೀಟು ನೋಡಿದೆ, ಬೇರೆ ಯಾರಿಗೂ ಆ ಕೆಲಸ ಒಪ್ಪಿಸುವ ಹಾಗಿರಲಿಲ್ಲ.

ಬಾಯವ್ವತ್ತಿ ಒಗೆದ ಸೀರೆ ಉಟ್ಟು ಬಂದಳು. ಕುರ್ಚಿಗಳನ್ನು ನೋಡಿ, ಅವನ್ನು ದಾಟಿ, ಹಿಂದೆ ಹೋಗಿ ನೆಲದ ಮೇಲೆ ಕೂತಳು. ಅವಳ ಜೊತೆಗೆ ಬಂದವರೂ ಅಲ್ಲೇ ಕೂತರು. ನಾನು ಹೋಗಿ ಬಗ್ಗಿ ಅವಳ ಕಿವಿಯಲ್ಲಿ, ಅತ್ತೀ ನಿಮ್ಮ ಜಾಗ ಮುಂದೆ ಇದೆ ಎಂದೆ.

"ಕುರ್ಚಿ ಮ್ಯಾಲ ನನಗ ಕಾಲ ನೆಲಕ್ಕ ಹತ್ತೂದಿಲ್ಲೋ," ಎಂದಳು. ಸ್ವಲ್ಪ ಹೊತ್ತು ಟಿಕೀಟು ನೋಡಿದಳು. ಆಮೇಲೆ ಎದ್ದಳು. ಅವಳು ಎದ್ದ ಮೇಲೆ ಉಳಿದವರೂ ಎದ್ದರು. ಮುಂದಿನ ಸಾಲು ತುಂಬಿತು. ಖರೆ, ಅವಳ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ನಾಲ್ಕಾದರೂ ಸಂಗಪ್ಪನವರ ಓಣಿಯವರು ಗೇಟಿನ ಹೊರಗೇ ನಿಂತಿದ್ದರು. ಸಂಗಪ್ಪನವರು ಬಂದಮೇಲೆಯೇ ಒಳಗೆ ಬರುವವರು. ಮುತ್ತಪ್ಪ ನಾಂದಿಯ ಪದ ಎರಡು ಸಲ ಬಾರಿಸಿದ. ಕೊನೆಗೆ ಸಂಗಪ್ಪನವರು ಬಂದರು. ರುಮಾಲು ಸುತ್ತಿದ್ದರು, ಕೈಯಲ್ಲಿ ಆ ಮಾಲೆ ಇತ್ತು. ಮುಂದಿನ ಸಾಲು ನೋಡಿದರು. ದಾರದಿಂದ ಐದು ಟಿಕೀಟು ಬಿಚ್ಚಿ ನನ್ನ ಮುಂದೆ ಹಿಡಿದರು.

"ಐದು ನೆಲಾ ಅಂದ್ರ ಒಂದು ಕುರ್ಚಿ ಆತಲ್ರಿ ಮಾಸ್ತರ. ಬಜಾರದಾಗ ಹಂಗ ನಡದೈತಿ."

ಗೇಟಿನಲ್ಲಿದ್ದವರೆಲ್ಲ ಕಿವಿ ಇಟ್ಟಿದ್ದರು. ನಾನು ಅವರಿಗಷ್ಟೇ ಕೇಳುವ ಹಾಗೆ ಹೇಳಿದೆ.

"ಬಜಾರದಾಗ ನಡದೈತ್ರಿ ಸಾವಕಾರ್ರ. ಇಲ್ಲಿ ನೆಲಾ ಅಂದ್ರ ನೆಲಾನ."

ಅವರು ನನ್ನ ಕಿರೀಟ ನೋಡಿದರೋ ನನ್ನನ್ನು ನೋಡಿದರೋ ತಿಳಿಯಲಿಲ್ಲ. ಗಿರಣಿಯ ಕಡೆ ನೋಡಿದರು, ತಮ್ಮ ಅಂಗಳ ನೋಡಿದರು. ಬಸವಲಿಂಗ ಏನೋ ಹೇಳಲು ಬಾಯಿ ತೆರೆದ, ಅವರು ಕೈ ಎತ್ತಿದರು. ನಾಲ್ಕು ಟಿಕೀಟು ಮತ್ತೆ ದಾರಕ್ಕೆ ಪೋಣಿಸಿಕೊಂಡರು. ಒಂದನ್ನು ನನ್ನ ಕೈಗೆ ಕೊಟ್ಟರು. ಹಿಂದೆ ಹೋಗಿ, ಜಮಖಾನೆಯ ತುದಿಯಲ್ಲಿ, ಹೊರಗಿನ ಗೋಡೆಗೆ ಬೆನ್ನು ಕೊಟ್ಟು ಕೂತರು. ಗೇಟಿನ ಹೊರಗಿದ್ದವರು ಸುಮ್ಮನೆ ಒಳಗೆ ಬಂದು ಅವರ ಸುತ್ತಲೂ ಕೂತರು.

ನಾಟಕ ಚೆನ್ನಾಗಿ ಶುರುವಾಯಿತು. ರೇಣುವಿನ ಹಾಡಿಗೆ ಎರಡು ಸಲ ಮತ್ತೊಮ್ಮೆ ಎಂದರು. ಅರ್ಧ ನೆಲದ ಟಿಕೀಟು ತಂದವನೊಬ್ಬ ನಡು ಅಂಕಕ್ಕೆ ಎದ್ದು ಹೊರಟ, ಜನ ನಕ್ಕು ಎಳೆದು ಕೂಡಿಸಿದರು.

ಕೊನೆಯ ಅಂಕಕ್ಕೆ ಕರೆಂಟು ಹೋಯಿತು. ಬೆಳಕಿನ ತೊಂದರೆ ಇರಲಿಲ್ಲ, ಇನ್ನೂ ಬಿಸಿಲಿತ್ತು. ಮೈಕು ಮಾತ್ರ ಸತ್ತಿತು. ಮಹಾರಾಜ ಸಿಂಹಾಸನದಿಂದ ಇಳಿದು ಕೊಟ್ಟ ಮಾತಿನ ಬಗ್ಗೆ ಹೇಳುವ ಜಾಗ. ನಾನು ಹೇಳತೊಡಗಿದೆ. ಮುಂದೆ ಬಾಯವ್ವತ್ತಿ ಸೆರಗು ಬಾಯಿಗಿಟ್ಟು ಕೇಳುತ್ತಿದ್ದಳು. ಬಹಳ ಹತ್ತಿರ ಕೂತಿದ್ದಳು, ಅವಳಿಗೆ ಹೇಳುವ ಹಾಗೆಯೇ ಹೇಳುತ್ತ ಹೋದೆ.

ಆಗ ಅಂಗಳದ ಹಿಂದಿನಿಂದ, ಎಲ್ಲರ ತಲೆಯ ಮೇಲಿಂದ ದಾಟಿ ಬಂದು ಪರದೆಗೆ ಬಡಿಯುವ ಹಾಗೆ ಸಂಗಪ್ಪನವರು ಕೂಗಿದರು.

"ಮಾಸ್ತರ, ಜರಾ ಜೋರಾಗಿ ಹೇಳ್ರಿ. ನಾವು ಹಿಂದ ಅದೇವಿ, ಇಲ್ಲಿ ಏನೂ ಕೇಳಿಸವಲ್ದು."

ಅವರಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.